ಎಂಬ್ರಾಯ್ಡರಿ ಡಿಸೈನ್ ಚೆನ್ನಾಗಿದೆಯಾ ಅಂತ ನಾನು ನೋಡುವುದು ಹೀಗೆ

ಎಂಬ್ರಾಯ್ಡರಿ ಮೆಷಿನ್‌ಗೆ ಹಾಕುವ ಡಿಸೈನ್ ಫೈಲ್ ಜೊತೆ ಬರುವ ಬಣ್ಣದ ಚಿತ್ರವನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಎಷ್ಟೋ ಸಲ ಅದು ಕಂಪ್ಯೂಟರ್ ಬಿಡಿಸಿದ್ದು, ಸೂಜಿ ಹೊಲಿದದ್ದಲ್ಲ. ಬಟ್ಟೆ ಮೇಲೆ ಹೊಲಿದ ಫೋಟೊ ಇದ್ದರೆ ಮೊದಲು ಅದನ್ನು ನೋಡುತ್ತೇನೆ.

ಫೈಲ್ ಸಿಕ್ಕ ಮೇಲೆ ಸಾಫ್ಟ್‌ವೇರ್‌ನಲ್ಲಿ ನಿಧಾನವಾಗಿ ಓಡಿಸುತ್ತೇನೆ. ಸೂಜಿ ಹೋಗುವ ದಾರಿ ನೋಡಿದರೆ ಮಾಡಿದವರ ಕೆಲಸ ಗೊತ್ತಾಗಿಬಿಡುತ್ತದೆ. ಒಂದು ಎಲೆ ಇಲ್ಲಿ, ಇನ್ನೊಂದು ಆ ಮೂಲೆಯಲ್ಲಿ, ಮತ್ತೆ ಇಲ್ಲಿ ಅಂತ ಹಾರುತ್ತಿದ್ದರೆ ದಾರ ಕತ್ತರಿಸುವುದೇ ಕೆಲಸವಾಗುತ್ತದೆ. ಒಂದೇ ಬಣ್ಣ ಪದೇ ಪದೇ ಬಂದರೆ ಮಾತ್ರ ತಕ್ಷಣ ತಪ್ಪು ಅನ್ನುವುದಿಲ್ಲ. ಒಂದರ ಮೇಲೊಂದು ಹೊಲಿಯುವಾಗ ಅದು ಬೇಕಾಗುತ್ತದೆ.

ನಾನು ಜಾಸ್ತಿ ಹೊತ್ತು ನಿಲ್ಲುವುದು ಅಂಡರ್‌ಲೇ ಹತ್ತಿರ. ಮೇಲಿನ ಹೊಲಿಗೆಗೆ ಮೊದಲು ಬೀಳುವ ಈ ತೆಳು ಹೊಲಿಗೆ ಬಟ್ಟೆಯನ್ನು, ಅದರ ಹಿಂದೆ ಆಧಾರಕ್ಕೆ ಇಡುವ ಹಾಳೆಯಾದ ಸ್ಟೆಬಿಲೈಸರ್‌ಗೆ ಹಿಡಿದಿಡುತ್ತದೆ. ಅದಿದ್ದರೂ ದಾರ ತಾನು ಹೋಗುವ ದಿಕ್ಕಿನಲ್ಲಿ ಬಟ್ಟೆಯನ್ನು ಎಳೆಯದೆ ಬಿಡುವುದಿಲ್ಲ. ಸ್ಕ್ರೀನ್ ಮೇಲಿನ ಗುಂಡು ಚುಕ್ಕೆ ಬಟ್ಟೆ ಮೇಲೆ ಮೊಟ್ಟೆಯ ಹಾಗಾಗುವುದು ಇದರಿಂದಲೇ. ತಿಳಿದವರು ಆ ದಿಕ್ಕಿಗೆ ಆಕಾರವನ್ನು ಮೊದಲೇ ತುಸು ಅಗಲ ಮಾಡಿರುತ್ತಾರೆ. ಹಾಗಾಗಿ ಅಂಚಿನ ಗೆರೆ ಒಳಗಿನ ಫಿಲ್‌ಗೆ, ಅಂದರೆ ಆಕಾರ ತುಂಬುವ ಹೊಲಿಗೆಗೆ, ಸರಿಯಾಗಿ ತಾಗಿ ನಿಂತು, ಅದರ ಮೇಲೆ ಒಂದಿಷ್ಟೂ ಹತ್ತದಿದ್ದರೆ ನನಗೆ ಅನುಮಾನ. ಸ್ಕ್ರೀನ್‌ನಲ್ಲಿ ಅಚ್ಚುಕಟ್ಟು, ಹೊಲಿದರೆ ಸಂದಿಯಲ್ಲಿ ಬಟ್ಟೆ ಇಣುಕುತ್ತದೆ!

ಮೆಷಿನ್ ಎಂಬ್ರಾಯ್ಡರಿಯಲ್ಲಿ ಸಾಮಾನ್ಯವಾಗಿ ಬಳಸುವ 40 ನಂಬರ್ ದಾರಕ್ಕೆ ಹೊಲಿಗೆ ಸಾಲುಗಳ ನಡುವೆ ಸುಮಾರು 0.4 ಮಿ.ಮೀ. ಅಂತರ ಸಾಕು. ಅದಕ್ಕಿಂತ ತೀರಾ ಒತ್ತಾದರೆ ಬಟ್ಟೆ ಬಿರುಸಾಗುತ್ತದೆ, ದಾರವೂ ಕಡಿಯುತ್ತದೆ. ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಒತ್ತಾಗಿ ಹೋಗುವ ಸ್ಯಾಟಿನ್ ಹೊಲಿಗೆಯ ಅಗಲ 7 ಮಿ.ಮೀ. ದಾಟಿದರೆ, ಹಾಕಿ ಓಡಾಡುವ ಬಟ್ಟೆಗೆ ನಾನು ಬಳಸುವುದಿಲ್ಲ. ಉದ್ದ ದಾರ ಎಲ್ಲಾದರೂ ಸಿಕ್ಕಿಕೊಳ್ಳುತ್ತೆ, ಅಲ್ವಾ? 5 ಮಿ.ಮೀ.ಗಿಂತ ಚಿಕ್ಕ ಅಕ್ಷರಗಳ ಆಸೆಯನ್ನೂ ಬಿಟ್ಟಿದ್ದೇನೆ.

ಇಷ್ಟೆಲ್ಲ ಸರಿಯಿದ್ದರೂ ಬಟ್ಟೆಗೆ ಹೊಂದದಿರಬಹುದು. ಟವೆಲ್ ಮೇಲೆ ತೆಳು ಗೆರೆಗಳು ಕುಣಿಕೆಗಳೊಳಗೆ ಮುಳುಗಿಹೋಗುತ್ತವೆ. ಅಲ್ಲಿಗೆ ಅಗಲದ, ತುಂಬಿದ ಡಿಸೈನ್ ಬೇಕು, ಮೇಲೆ ನೀರಿನಲ್ಲಿ ಕರಗುವ ಹಾಳೆಯೂ ಬೇಕು. ತೆಳು ಟೀ ಶರ್ಟ್‌ಗೆ ಇದು ಉಲ್ಟಾ. ಹಗುರ ಡಿಸೈನ್, ಹಿಂದೆ ಕಟ್-ಅವೇ ಸ್ಟೆಬಿಲೈಸರ್, ಅಂದರೆ ಹೊಲಿದ ಮೇಲೆ ಸುತ್ತ ಕತ್ತರಿಸಿ ಉಳಿದದ್ದನ್ನು ಹಾಗೇ ಬಿಡುವ ಹಾಳೆ. ಅಳತೆ ಹೊಂದಿಸಲು ಫೈಲನ್ನು 10 ಶೇಕಡಕ್ಕಿಂತ ಹೆಚ್ಚು ಹಿಗ್ಗಿಸಿ ಕುಗ್ಗಿಸುವುದೂ ನನಗೆ ಹಿಡಿಸದು. ಸಾಫ್ಟ್‌ವೇರ್ ಹೊಲಿಗೆಗಳನ್ನು ಮತ್ತೆ ಲೆಕ್ಕ ಹಾಕದಿದ್ದರೆ ಅವು ಅಷ್ಟೇ ಇದ್ದು, ಒತ್ತು ಕೆಡುತ್ತದೆ.

ಕೊನೆಗೆ ಅದೇ ಬಟ್ಟೆಯ ತುಂಡಿನ ಮೇಲೆ ಒಮ್ಮೆ ಹೊಲಿಯುತ್ತೇನೆ. ಹಿಂಬದಿಯಲ್ಲಿ ಸ್ಯಾಟಿನ್‌ನ ನಡುವಿನ ಮೂರನೇ ಒಂದು ಭಾಗದಷ್ಟು ಬಾಬಿನ್ ದಾರ (ಮೆಷಿನ್‌ನ ಕೆಳಗಿನಿಂದ ಬರುವ ದಾರ) ಕಂಡರೆ ಟೆನ್ಷನ್, ಅಂದರೆ ದಾರದ ಬಿಗಿ, ಸರಿಯಿದೆ. ಇಲ್ಲದಿದ್ದರೆ ಸುಮ್ನೆ ಡಿಸೈನನ್ನು ಬೈಯುವುದಿಲ್ಲ. ಬಟ್ಟೆಯನ್ನು ಹಿಡಿದಿಡುವ ಚೌಕಟ್ಟಾದ ಹೂಪ್‌ನಲ್ಲಿ ಬಿಗಿಯಾಗಿದ್ದಾಗ ಸುಕ್ಕು ಕಾಣುವುದಿಲ್ಲ. ತೆಗೆದು, ಒಗೆದು, ಒಣಗಿಸಿ ನೋಡಿದ ಮೇಲೆಯೇ ಒಳ್ಳೆಯ ಬಟ್ಟೆಗೆ ಕೈಹಾಕುತ್ತೇನೆ.