ಸೊಂಟ ಹಿಡಿದ ಹಮಾಲಿ ಮತ್ತೆ ಮಂಡಿಗೆ ಬರುವಾಗ

ತೀರ್ಥಹಳ್ಳಿಯಲ್ಲಿ ಅಡಿಕೆ ಮಂಡಿ ನಡೆಸುತ್ತೇನೆ. ಹಮಾಲಿಯೊಬ್ಬರು ಸೊಂಟ ಹಿಡಿದು ಮನೆ ಸೇರಿದರೆ ನಾವು ಮಾಲೀಕರು ಹೇಳುವುದು ಒಂದೇ ಮಾತು: "ಪೂರ್ತಿ ಗುಣವಾದ ಮೇಲೆ ಬನ್ನಿ." ಕನಿಕರದಿಂದಲೇ ಹೇಳುತ್ತೇವೆ. ನಾನೂ ಒಬ್ಬರಿಗೆ ಹಾಗೆ ಹೇಳಿದ್ದೆ. ಅವರು ಮೂರು ತಿಂಗಳು ಚಾಪೆ ಹಿಡಿದರು, ಮತ್ತೆ ಕೆಲಸಕ್ಕೆ ಬರಲೇ ಇಲ್ಲ. ಆ ನೋವು ನನಗೆ ಇನ್ನೂ ಇದೆ.

ಬಹುಪಾಲು ಸೊಂಟನೋವು ಕೆಲವು ವಾರಗಳಲ್ಲಿ ಇಳಿಯುತ್ತದೆ. ಮಲಗಿಯೇ ಇದ್ದರೆ ಸ್ನಾಯುಗಳು ಸೋಲುತ್ತವೆ, ಬಗ್ಗಲು ಭಯ ಬೆಳೆಯುತ್ತದೆ. ಆದ್ದರಿಂದ ನೋವು ಅಷ್ಟಿಷ್ಟು ಉಳಿದಿರುವಾಗಲೇ ಹಗುರ ಕೆಲಸಕ್ಕೆ ಕರೆಯಬೇಕು. ಆದರೆ ಮಲಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದಿಯಲ್ಲಿ ಸ್ಪರ್ಶ ತಿಳಿಯದಾದರೆ, ಕಾಲಿನ ಬಲ ಕುಂದಿದರೆ ತಡಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಜ್ವರವಿದ್ದರೆ, ಬಿದ್ದು ಪೆಟ್ಟಾಗಿದ್ದರೆ ವೈದ್ಯರು ನೋಡುವವರೆಗೆ ಕೆಲಸದ ಮಾತೆತ್ತಬೇಡಿ.

ಮೊದಲ ವಾರದಲ್ಲೇ ಫೋನ್ ಮಾಡಿ. "ಯಾವಾಗ ಬರುತ್ತೀರಿ" ಎಂದು ಶುರು ಮಾಡಬೇಡಿ. ಕಳೆದ ಸುಗ್ಗಿಯಲ್ಲಿ ಇನ್ನೊಬ್ಬ ಹಮಾಲಿಗೆ ಸೊಂಟ ಹಿಡಿದಾಗ ನಾನು, "ಅಣ್ಣಾ, ರಾತ್ರಿ ನಿದ್ದೆ ಬರುತ್ತಿದೆಯೇ? ಎಷ್ಟು ಹೊತ್ತು ಕೂರಲು ಆಗುತ್ತದೆ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ ಅವರು, "ಅಕ್ಕಾ, ಕೂರಲು ಆಗುತ್ತದೆ. ಆದರೆ ಚೀಲ ಹೊರದಿದ್ದರೆ ಕೂಲಿ ಎಲ್ಲಿಂದ ಬರುತ್ತದೆ?" ಎಂದರು.

ಇಡೀ ವಿಷಯದ ಗಂಟು ಇಲ್ಲಿದೆ. ಹಮಾಲಿಗೆ ಚೀಲದ ಲೆಕ್ಕದಲ್ಲಿ ಕೂಲಿ. ಹಗುರ ಕೆಲಸ ಕೊಟ್ಟು ಅದೇ ಲೆಕ್ಕ ಇಟ್ಟರೆ ಮೂರನೆಯ ದಿನಕ್ಕೆ ಅವರು ಮತ್ತೆ ಭಾರಕ್ಕೆ ಹೆಗಲು ಕೊಡುತ್ತಾರೆ. ನಾನು ನಾಲ್ಕು ವಾರ ದಿನಗೂಲಿ ಗೊತ್ತು ಮಾಡಿದೆ. ಉಳಿದ ಹಮಾಲಿಗಳನ್ನು ಕೂರಿಸಿ, ಅವರ ಎದುರಿಗೇ ಹೇಳಿದೆ. ಗುಟ್ಟಾಗಿ ಕೊಟ್ಟಿದ್ದರೆ ಅವರಿಗೆ ಮುಜುಗರ, ಉಳಿದವರಿಗೆ ಅಸಮಾಧಾನ.

ಮೊದಲ ವಾರ ಬೆಳಿಗ್ಗೆ ನಾಲ್ಕು ತಾಸು ಮಾತ್ರ ಕೆಲಸ: ಬೆಟ್ಟೆ, ರಾಶಿ, ಗೊರಬಲು ಎಂಬ ಅಡಿಕೆಯ ಬಗೆಗಳನ್ನು ಬೇರೆ ಮಾಡುವುದು, ತೂಕ ಬರೆಯುವುದು. ಆಯುವ ಅಡಿಕೆಯನ್ನು ನೆಲದ ಮೇಲೆ ಸುರಿಯಬೇಡಿ, ಸೊಂಟದೆತ್ತರದ ಮೇಜಿನ ಮೇಲೆ ಹರಡಿ. ನಿಂತೂ ಕೂತೂ ಮಾಡುವಂತಿರಲಿ. ಅರ್ಧ ಗಂಟೆಗೊಮ್ಮೆ ಅವರು ಎದ್ದು ಅಂಗಳದಲ್ಲಿ ನಡೆದರೆ ಯಾರೂ ಏನೂ ಅನ್ನಬಾರದು. ಬೈಕಿನಲ್ಲಿ ಗುಂಡಿ ಹಾರಿಸಿಕೊಂಡು ಬರುವ ಬದಲು ಒಂಬತ್ತೂವರೆ ಬಸ್ಸಿಗೆ ಬರಲಿ. ಎರಡನೆಯ ವಾರ ಪೂರ್ತಿ ದಿನ, ಆದರೆ ಹೊರೆ ಇಲ್ಲ. ಮೂರನೆಯ ವಾರದಿಂದ 15 ಕಿಲೋದ ಚಿಕ್ಕ ಚೀಲ, ಅದೂ ಮೇಜಿನಿಂದ ಮೇಜಿಗೆ. ಸಂಜೆ ನೋವು ಸ್ವಲ್ಪ ಹೆಚ್ಚಿ ಬೆಳಿಗ್ಗೆಗೆ ಇಳಿದರೆ ಅದೇ ಕೆಲಸ ಮುಂದುವರಿಸಿ. ಬೆಳಿಗ್ಗೆಯೂ ಇಳಿಯದಿದ್ದರೆ ಹಿಂದಿನ ವಾರದ ಕೆಲಸಕ್ಕೆ ಮರಳಿ.

ಅವರು ಮರಳಿದ ಮೇಲೆ ನನ್ನ ಕಣ್ಣು ಚೀಲದ ಮೇಲೆ ಬಿತ್ತು. ನಮ್ಮಲ್ಲಿ ಚೀಲಕ್ಕೆ 70 ಕಿಲೋ ತುಂಬುತ್ತಿದ್ದೆವು. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಗಂಡಸೊಬ್ಬ ಹೊರುವ ಭಾರ 55 ಕಿಲೋ ಮೀರಬಾರದೆಂದು ಶಿಫಾರಸು ಮಾಡಿದೆ. ಈಗ ನಾವು 35 ಕಿಲೋ ತುಂಬಿ ಹೊಲಿಯುತ್ತೇವೆ. ಗೋಣಿಯ ಖರ್ಚು ಹೆಚ್ಚಿದೆ, ಕೊಡುತ್ತಿದ್ದೇನೆ. ತಕ್ಕಡಿಯನ್ನು ನೆಲದಿಂದ ಎತ್ತಿ ಕಟ್ಟೆಯ ಮೇಲಿಟ್ಟಿದ್ದೇವೆ. ಕಟ್ಟೆಯ ಎತ್ತರ ಎಷ್ಟಿರಬೇಕೆಂದು ಗಾರೆಯವರಿಗೆ ತಮ್ಮ ಸೊಂಟಕ್ಕೆ ಕೈಯಿಟ್ಟು ತೋರಿಸಿದವರು ಆ ಅಣ್ಣನೇ.