ಬಟ್ಟಲನ್ನು ಮಗುಚಿ ನೋಡುವುದು

ಕೆಲಸದ ನಿಮಿತ್ತ ಜಪಾನಿನ ನಗೋಯಾದಲ್ಲಿ ನೆಲೆಸಿದ ಮೇಲೆ, ಅಲ್ಲಿಂದ ರೈಲಿನಲ್ಲಿ ಮುಕ್ಕಾಲು ಗಂಟೆಯೊಳಗೆ ತಲುಪಬಹುದಾದ ತಜಿಮಿ ಊರಿನ ಅಂಗಡಿಗಳಲ್ಲಿ ಮಣ್ಣಿನ ಬಟ್ಟಲುಗಳ ನನ್ನ ಸಂಗ್ರಹ ಆರಂಭವಾಯಿತು. ತಜಿಮಿ, ತೋಕಿ ಮೊದಲಾದ ಊರುಗಳಿರುವ ಮಿನೊ ಸೀಮೆಯು ಶಿನೊ ಮತ್ತು ಒರಿಬೆ ಎಂಬ ಮೆರುಗುಗಳ, ಅಂದರೆ ಮಣ್ಣಿನ ಪಾತ್ರೆಗೆ ಬಳಿದು ಸುಡುವ ಗಾಜಿನಂಥ ಲೇಪಗಳ ತವರು. ಶಿನೊದ ದಪ್ಪ ಬಿಳಿ ಲೇಪ ಫೆಲ್ಡ್‌ಸ್ಪಾರ್ ಕಲ್ಲಿನದು. ಒರಿಬೆಯ ಹಸಿರು ತಾಮ್ರದ್ದು. ಹೆಸರಾದವರ ಚಹಾ ಬಟ್ಟಲುಗಳು ನನ್ನ ಸಂಬಳಕ್ಕೆ ಎಟುಕುವಂತಿರಲಿಲ್ಲವಾದ್ದರಿಂದ, ಈಗ ಆವಿಗೆಯಲ್ಲಿ ಪಾತ್ರೆ ಸುಡುತ್ತಿರುವ ಕುಂಬಾರರ ಗುಯಿನೊಮಿಗಳನ್ನು, ಅಂದರೆ ಸಾಕೆ ಎಂಬ ಅಕ್ಕಿಯ ಮದ್ಯ ಕುಡಿಯುವ ಪುಟ್ಟ ಬಟ್ಟಲುಗಳನ್ನು ಮಾತ್ರ ಕೊಳ್ಳುವುದೆಂದು ನಿಶ್ಚಯಿಸಿದೆ.

ಮೊದಲ ವರ್ಷವೇ ಮೋಸಹೋದೆ. ಕುಂಬಾರರ ಕೈಬರಹ ಮತ್ತು ಮುದ್ರೆಯಿರುವ ಮರದ ಪೆಟ್ಟಿಗೆಗೆ ತೊಮೊಬಾಕೊ ಎನ್ನುತ್ತಾರೆ. ಅದಿದ್ದರೆ ಬೆಲೆ ಹೆಚ್ಚು. ಆನ್‌ಲೈನ್ ಹರಾಜಿನಲ್ಲಿ ಪೆಟ್ಟಿಗೆಯ ಮೇಲಿನ ಹೆಸರನ್ನು ನಂಬಿ ಶಿನೊ ಬಟ್ಟಲೊಂದನ್ನು ಕೊಂಡೆ. ಬಂದಾಗ ಅದು ಪೆಟ್ಟಿಗೆಯೊಳಗೆ ಲೊಟಲೊಟ ಎನ್ನುತ್ತಿತ್ತು. ಪರಿಚಯದ ಹಿರಿಯ ವ್ಯಾಪಾರಿಯೊಬ್ಬರು ಪೆಟ್ಟಿಗೆಯತ್ತ ಕಣ್ಣನ್ನೂ ಹಾಯಿಸದೆ ಬಟ್ಟಲನ್ನು ಮಗುಚಿ, ತಳವನ್ನು ಒಮ್ಮೆ ನೋಡಿ, ಇದು ಬೇರೆಯವರ ಕೆಲಸ ಎಂದರು.

ಮೆರುಗು ಎಲ್ಲವನ್ನೂ ಮುಚ್ಚುತ್ತದೆ, ತಳದ ಬಳೆಯನ್ನು ಮಾತ್ರ ಬಿಡುತ್ತದೆ. ಮಿನೊದ ಮೊಗುಸ ಎಂಬ ಮಣ್ಣಾದರೆ ಅಲ್ಲಿ ಮರಳುಮರಳಾಗಿ, ತಿಳಿ ಹಳದಿ ಬಿಳುಪಾಗಿ ಕಾಣುತ್ತದೆ. ಲೇಪ ತೆಳುವಾದ ಅಂಚಿನಲ್ಲಿ ಕೆಂಪು ಛಾಯೆ ಮೂಡಿರುತ್ತದೆ. ಮೆರುಗಿನಲ್ಲಿ ಅದ್ದುವಾಗ ಹಿಡಿದ ಬೆರಳಿನ ಗುರುತೂ ಕೆಲವೊಮ್ಮೆ ಉಳಿದಿರುತ್ತದೆ. 1930ರಲ್ಲಿ ಕುಂಬಾರ ಅರಾಕಾವಾ ತೊಯೊಜೊ ಅವರು ನಗೋಯಾದಲ್ಲಿ ಹಳೆಯ ಶಿನೊ ಬಟ್ಟಲೊಂದರ ತಳಕ್ಕೆ ಅಂಟಿದ್ದ ಕೆಂಪು ಮಣ್ಣನ್ನು ಕಂಡು, ಇದು ಎಲ್ಲರೂ ನಂಬಿರುವಂತೆ ನೆರೆಯ ಸೆತೊ ಊರಿನದ್ದಲ್ಲವೆಂದು ಶಂಕಿಸಿ, ಮಿನೊದ ಪಾಳು ಆವಿಗೆಯಲ್ಲಿ ಅದೇ ಬಗೆಯ ಚೂರನ್ನು ಪತ್ತೆಹಚ್ಚಿದರು.

ಇನ್ನೊಂದು ತಪ್ಪು ಸೋಮಾರಿತನದ್ದು. ಹೊಸ ಬಟ್ಟಲನ್ನು ಬಳಸುವ ಮೊದಲು ಅಕ್ಕಚ್ಚಿನಲ್ಲಿ ಕುದಿಸಿದರೆ ಗಂಜಿಯು ಸಣ್ಣ ರಂಧ್ರಗಳನ್ನು ತುಂಬುತ್ತದೆ. ಸಾಕೆ ಕುಡಿಯದ ನಾನು ಕುದಿಸದೆಯೇ ಕಾಫಿ ಸುರಿದೆ. ಮೆರುಗಿನ ಬಿರುಕುಗಳಲ್ಲೆಲ್ಲ ಕಂದು ಬಲೆ ಹರಡಿತು. ಅದು ಮೆರುಗಿನಲ್ಲಷ್ಟೇ ಇರುವ ಕನ್ನ್ಯೂ ಎಂಬ ಬಿರುಕು, ದೋಷವಲ್ಲ. ಮಣ್ಣನ್ನೇ ಸೀಳುವ ಬಿರುಕಾದರೆ ಉಗುರಿನಿಂದ ತಟ್ಟಿದಾಗ ಒಡಕು ಸದ್ದು ಬರುತ್ತದೆ. ನಿಜ ಹೇಳಬೇಕೆಂದರೆ, ಆ ಕಂದು ಬಟ್ಟಲೇ ಈಗ ನನಗೆ ಅಚ್ಚುಮೆಚ್ಚು.

ಹೊಂದದ ಆ ಪೆಟ್ಟಿಗೆಯಲ್ಲಿ ರಸೀದಿಗಳನ್ನು ಇಡುತ್ತಿದ್ದೇನೆ.