‘ಇನ್ನೈದು ನಿಮಿಷ ನೋಡೋಣ’ ಅನ್ನುವವರಿಗೆ ಒಂದು ಭಾನುವಾರದ ಪರೀಕ್ಷೆ

2005ರ ಜುಲೈ 26. ದಕ್ಷಿಣ ಮುಂಬೈಯ ಫೋರ್ಟ್‌ನಲ್ಲಿ ನಮ್ಮ ಆಫೀಸಿನ ಕಿಟಕಿಯಾಚೆ ಮಾಮೂಲಿ ಮಳೆ. ಉತ್ತರದ ಉಪನಗರಗಳ ಕಡೆ ಜೋರಿದೆಯಂತೆ ಅಂತ ಯಾರೋ ಹೇಳಿದರು. ಮುಂಬೈಗೆ ಮಳೆ ಹೊಸದಾ ಅಂದುಕೊಂಡು ನಮ್ಮ ಮನೆಯಿರುವ ಮುಲುಂಡ್ ಕಡೆಯ ಲೋಕಲ್ ರೈಲು ಹತ್ತಿದೆ. ಸಾಯನ್ ದಾಟಿ ಗಾಡಿ ನಿಂತಿತು. ಇನ್ನೈದು ನಿಮಿಷಕ್ಕೆ ಬಿಡ್ತದೆ ಅಂತ ಕೂತವನು ಮೂರು ಗಂಟೆ ಕೂತೇ ಇದ್ದೆ. ಇಡೀ ಡಬ್ಬದವರೂ ಹಾಗೇ ಕೂತಿದ್ದರು, ಅದೇ ನನಗೆ ಧೈರ್ಯ. ಆ 24 ಗಂಟೆಗಳಲ್ಲಿ ಉಪನಗರದ ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಸುರಿದಿತ್ತು, ನಮ್ಮ ಆಫೀಸಿನ ಹತ್ತಿರದ ಕೊಲಾಬಾದಲ್ಲಿ 100 ಕೂಡ ಆಗಿರಲಿಲ್ಲ ಅನ್ನೋದು ಆಮೇಲೆ ಗೊತ್ತಾಯಿತು. ನಾನು ಕಿಟಕಿಯಲ್ಲಿ ನೋಡಿದ ಮಳೆಯೇ ಬೇರೆ, ಮನೆ ದಾರಿಯಲ್ಲಿ ಬಿದ್ದ ಮಳೆಯೇ ಬೇರೆ.

ಮಳೆಗಾಲದ ಮುಂಚೆ ಎಮರ್ಜೆನ್ಸಿ ಬ್ಯಾಗಿನಲ್ಲಿ ಏನೇನಿರಬೇಕು ಅನ್ನುವ ಪಟ್ಟಿಗಳು ಬಹಳ ಬರುತ್ತವೆ. ಇಲ್ಲಿ ಆ ಪಟ್ಟಿ ಇಲ್ಲ. ಆ ಬ್ಯಾಗನ್ನು ಹೆಗಲಿಗೆ ಹಾಕಿಕೊಳ್ಳುವ ಮನುಷ್ಯ ಹೇಗಿದ್ದಾನೆ ಅಂತ ನೋಡೋಣ. ಒಂದು ನೋಟ್‌ಬುಕ್, ಒಂದು ಪೆನ್, ಒಂದು ಭಾನುವಾರ ಸಾಕು.

ಮೊದಲು, ಹಳೇ ಲೆಕ್ಕ ತೆಗೆಯಿರಿ

ನೀವು ನಿಜವಾಗಿ ಗಾಬರಿಯಾದ ಮೂರು ಸಂದರ್ಭ ಬರೆಯಿರಿ. ಅಪ್ಪನಿಗೆ ಎದೆನೋವು ಬಂದದ್ದು, ಅಡುಗೆಮನೆಯಲ್ಲಿ ಬೆಂಕಿ ಹತ್ತಿದ್ದು, ಜನಜಂಗುಳಿಯಲ್ಲಿ ಮಗುವಿನ ಕೈ ತಪ್ಪಿದ್ದು, ಯಾವುದಾದರೂ ಸರಿ. ಮೊದಲ ಹತ್ತು ನಿಮಿಷ ನೀವು ಏನು ಮಾಡಿದಿರಿ ಅಷ್ಟೇ ಬರೆಯಿರಿ. ಆಮೇಲೆ ಅಲ್ಲಿದ್ದ ಇನ್ನೊಬ್ಬರಿಗೆ ಓದಲು ಕೊಡಿ. ನಾನು ‘ಶಾಂತವಾಗಿ ಯೋಚಿಸಿದೆ’ ಅಂತ ಬರೆದಿದ್ದ ಒಂದು ಕಡೆ ನನ್ನ ಹೆಂಡತಿ ಗೀಟು ಹಾಕಿ ‘ಸುಮ್ನೆ ನಿಂತಿದ್ರಿ’ ಅಂತ ತಿದ್ದಿದಳು.

ಇದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಅನಾಹುತದ ಮೊದಲ ಗಳಿಗೆಗಳಲ್ಲಿ ಹೆಚ್ಚಿನವರು ಹೀಗೇ ಮಂಕಾಗುತ್ತಾರೆ, ಕಿರುಚಾಡುವವರು ಕೆಲವರು, ಕೆಲಸಕ್ಕೆ ಕೈಹಾಕುವವರೂ ಕೆಲವರೇ ಅನ್ನುತ್ತಾರೆ ಬ್ರಿಟನ್ನಿನ ಮನೋವಿಜ್ಞಾನಿ ಜಾನ್ ಲೀಚ್. ಮಂಕು ಕವಿದಾಗ ಹೊಸದಾಗಿ ಯೋಚಿಸುವುದು ಕಷ್ಟ. ಮೊದಲೇ ಮಾಡಿದ ತೀರ್ಮಾನ ಮಾತ್ರ ಕೈಗೆ ಸಿಗುತ್ತದೆ.

ಹಾಗಾಗಿ ನಿಮ್ಮ ಗೆರೆಗಳನ್ನು ಈಗಲೇ ಎಳೆದಿಡಿ. ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟರೆ, ರಜೆ ಹಾಕಲು ಸಾಧ್ಯವಿದ್ದರೆ, ಮನೆ ಬಿಡುವುದಿಲ್ಲ. ಲೋಕಲ್ ಸ್ಟೇಷನ್ನಿನಲ್ಲಿ 20 ನಿಮಿಷ ನಿಂತರೆ ಇಳಿದು ಎತ್ತರದ ಜಾಗಕ್ಕೆ ಹೋಗುತ್ತೇನೆ. ಹರಿಯುವ ನೀರು ಪಾದದ ಗಂಟು ದಾಟಿದರೆ ರಸ್ತೆಗೆ ಇಳಿಯುವುದಿಲ್ಲ. ಈ ಕೊನೆಯದು ಅತಿಯಾಯಿತು ಅನ್ನಿಸಬಹುದು. ರಭಸವಿದ್ದರೆ 15 ಸೆಂಟಿಮೀಟರ್ ನೀರು ದೊಡ್ಡವರನ್ನೇ ಕೆಡವುತ್ತದೆ, 30 ಸೆಂಟಿಮೀಟರ್ ಸಣ್ಣ ಕಾರನ್ನು ತೇಲಿಸುತ್ತದೆ. ನಿಂತ ನೀರಿನಡಿ ತೆರೆದ ಮ್ಯಾನ್‌ಹೋಲ್ ಇದ್ದರೆ ಗೊತ್ತೂ ಆಗುವುದಿಲ್ಲ. ಸಮುದ್ರದ ಭರತ (ಉಬ್ಬರ) ಮತ್ತು ಜೋರು ಮಳೆ ಒಟ್ಟಿಗೆ ಬಂದ ದಿನ ನೀರು ಸಮುದ್ರಕ್ಕೆ ಇಳಿಯುವುದಿಲ್ಲ, ಊರಿನಲ್ಲೇ ನಿಲ್ಲುತ್ತದೆ. ನಾಲ್ಕೂವರೆ ಮೀಟರ್ ದಾಟುವ ಭರತದ ದಿನಗಳನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿಡಿ.

ಎದೆ ಬಡಿತದ ಪರೀಕ್ಷೆ

ಐದು ಮಹಡಿ ಬೇಗಬೇಗ ಹತ್ತಿ (ಹೃದಯದ ತೊಂದರೆ, ಮಂಡಿನೋವು ಇದ್ದವರು ಬೇಡ). ಮೇಲೆ ಹೋದ ಕೂಡಲೇ, ಏದುಸಿರು ಬಿಡುತ್ತಲೇ, ಮನೆಯವರ ನಾಲ್ಕು ಫೋನ್ ನಂಬರ್ ನೆನಪಿನಿಂದ ಬರೆಯಿರಿ. ನನಗೆ ಬಂದದ್ದು ಒಂದು. ಅದೂ ಊರಿನ ಹಳೇ ಲ್ಯಾಂಡ್‌ಲೈನು, ಈಗ ಅದು ಇಲ್ಲವೇ ಇಲ್ಲ! ನಂಬರುಗಳನ್ನು ಒಂದು ಚೀಟಿಯಲ್ಲಿ ಬರೆದು ಲ್ಯಾಮಿನೇಟ್ ಮಾಡಿಸಿ ಪರ್ಸಿನಲ್ಲಿಡಿ. ಜೊತೆಗೆ ತುರ್ತು ಸಹಾಯದ 112, ಮುಂಬೈ ಪಾಲಿಕೆಯ ವಿಪತ್ತು ವಿಭಾಗದ 1916, ಎಲ್‌ಪಿಜಿ ಸೋರಿಕೆಗೆ 1906.

ಈಗ ಉಸಿರು. ನಾಲ್ಕು ಎಣಿಸುತ್ತ ಒಳಗೆ, ನಾಲ್ಕು ಹಿಡಿದು, ನಾಲ್ಕು ಹೊರಗೆ, ಮತ್ತೆ ನಾಲ್ಕು ತಡೆ. ನಾಲ್ಕೈದು ಸುತ್ತಿಗೆ ಕೈನಡುಕ ಕಡಿಮೆಯಾಯಿತಾ ನೋಡಿ. ಆಗದಿದ್ದರೆ ದಿನಾ ಗಾಡಿಯಲ್ಲಿ ನಿಂತೇ ಅಭ್ಯಾಸ ಮಾಡಬಹುದು, ಯಾರಿಗೂ ಗೊತ್ತಾಗುವುದಿಲ್ಲ.

ಸಂಜೆ ಆರಕ್ಕೆ ಮೇನ್ ಸ್ವಿಚ್ ಆಫ್

ಇದೇ ದೊಡ್ಡ ಪರೀಕ್ಷೆ. ಆರರಿಂದ ಹತ್ತರವರೆಗೆ ಕರೆಂಟ್ ಇಲ್ಲ, ನಲ್ಲಿ ಇಲ್ಲ, ಲಿಫ್ಟ್ ಇಲ್ಲ, ಇಂಟರ್‌ನೆಟ್ ಇಲ್ಲ. 2020ರ ಅಕ್ಟೋಬರ್ 12ರ ಬೆಳಿಗ್ಗೆ ಗ್ರಿಡ್ ಕೈಕೊಟ್ಟು ಮುಂಬೈ ಪೂರ್ತಿ ನಿಂತಿತ್ತಲ್ಲ, ಆಗ ನಮ್ಮ ಸೊಸೈಟಿಯ ಪಂಪೂ ನಿಂತಿತು. ಏಳನೇ ಮಹಡಿಯಲ್ಲಿ ನಮ್ಮ ಹತ್ತಿರ ಇದ್ದದ್ದು ಎರಡು ಬಾಟಲಿ ನೀರು. ಒಬ್ಬರಿಗೆ ದಿನಕ್ಕೆ ಕುಡಿಯಲು, ಅಡುಗೆಗೆ ಸೇರಿ ಸುಮಾರು ನಾಲ್ಕು ಲೀಟರ್ ಲೆಕ್ಕ. ನಾಲ್ಕು ಜನಕ್ಕೆ ಮೂರು ದಿನ ಅಂದರೆ 48 ಲೀಟರ್. ಒಂದು ಕೋಣೆ, ಒಂದು ಅಡುಗೆಮನೆಯ ವನ್ ಆರ್‌ಕೆಯಲ್ಲಿ ಎಲ್ಲಿಡೋದು ಅಂತ ಕೇಳುತ್ತೀರಿ. ನಿಜ. ಮಂಚದಡಿ ಎರಡು 20 ಲೀಟರ್ ಕ್ಯಾನು, ಉಳಿದದ್ದು ಬಾಟಲಿ.

ಟಾರ್ಚ್ ಇದೆ ಅಂತ ಬರೆದುಕೊಳ್ಳಬೇಡಿ, ಕತ್ತಲಲ್ಲಿ ಹುಡುಕಿ ಹೊತ್ತಿಸಿ. ನಮ್ಮದು ಕಪಾಟಿನಲ್ಲಿ ಸಿಕ್ಕಿತು, ಒತ್ತಿದರೆ ಹೊತ್ತಲಿಲ್ಲ. ಹಿಂದಿನ ಮುಚ್ಚಳ ತಿರುಗಿಸಲು ಇಕ್ಕಳ ಬೇಕಾಯಿತು. ಸೆಲ್ಲುಗಳು ಒಡೆದು, ಸುಣ್ಣದ ಹಾಗೆ ಬಿಳಿ ಪುಡಿ ಸ್ಪ್ರಿಂಗಿಗೆ ಕಚ್ಚಿಕೊಂಡಿತ್ತು. ಸ್ಪ್ರಿಂಗ್ ಬೆರಳಿಗೆ ಮುರಿದು ಬಂತು. ಈಗ ಸೆಲ್ಲನ್ನು ಹೊರಗೆ ತೆಗೆದು ಟಾರ್ಚಿಗೇ ರಬ್ಬರ್‌ಬ್ಯಾಂಡ್ ಹಾಕಿಡುತ್ತೇವೆ.

ಊಟಕ್ಕೆ ಒಲೆ ಹಚ್ಚಬೇಡಿ. ಅವಲಕ್ಕಿ, ಹುರಿಹಿಟ್ಟು, ಬೆಲ್ಲ, ಶೇಂಗಾ ನಮ್ಮವರ ಮನೆಯಲ್ಲಿ ಹೇಗೂ ಇರುತ್ತದೆ, ಇದೊಂದರಲ್ಲಿ ಕನ್ನಡದವರಿಗೆ ಪೂರ್ತಿ ಮಾರ್ಕು. ಮಕ್ಕಳು ಎಷ್ಟು ಹೊತ್ತಿಗೆ ರಚ್ಚೆ ಹಿಡಿದರು, ನೀವು ಎಷ್ಟು ಹೊತ್ತಿಗೆ ಅವರ ಮೇಲೆ ರೇಗಿದಿರಿ, ಎರಡೂ ಸಮಯ ಬರೆದಿಡಿ.

ಕೈಗೆ ಬರುತ್ತದಾ?

ಕಣ್ಣು ಮುಚ್ಚಿ ಸಿಲಿಂಡರಿನ ರೆಗ್ಯುಲೇಟರ್ ಆಫ್ ಮಾಡಿ ನೋಡಿ. ಪೈಪಿನ ಗ್ಯಾಸಾದರೆ ವಾಲ್ವ್ ಎಲ್ಲಿದೆ ಅಂತ ಮನೆಯ ಪ್ರತಿಯೊಬ್ಬರೂ ಕೈಯಿಟ್ಟು ತೋರಿಸಲಿ. ವಾಸನೆ ಬಂದಾಗ ಯಾವ ಸ್ವಿಚ್ಚನ್ನೂ ಮುಟ್ಟಬಾರದು, ಫ್ಯಾನಿನದ್ದು ಕೂಡ. ಹೃದಯ ನಿಂತವರಿಗೆ ಎದೆ ಒತ್ತುವುದನ್ನು (ಸಿಪಿಆರ್) ದಿಂಬಿನ ಮೇಲೆ ಎರಡು ನಿಮಿಷ ಮಾಡಿ, ನಿಮಿಷಕ್ಕೆ 100ರಿಂದ 120 ಸಲ. ಒಂದೇ ನಿಮಿಷಕ್ಕೆ ತೋಳು ಸೋಲುತ್ತದೆ, ಸರದಿಗೆ ಇನ್ನೊಬ್ಬರು ಬೇಕು ಅನ್ನೋದು ಆಗ ತಿಳಿಯುತ್ತದೆ. ಸರಿಯಾಗಿ ಕಲಿಯಲು ತರಬೇತಿಗೇ ಹೋಗಬೇಕು.

ಒಂದು ರಜೆಯಲ್ಲಿ ಆಫೀಸಿನಿಂದ ಮನೆ ಕಡೆ ರಸ್ತೆಯಲ್ಲಿ ನಡೆಯಿರಿ, ಆದಷ್ಟು ದೂರ. ನನ್ನ ದಾರಿಯಲ್ಲಿ ಕುರ್ಲಾದಿಂದ ಮುಲುಂಡಿಗೇ ಸುಮಾರು 16 ಕಿಲೋಮೀಟರ್. ನಾನು ವಿಕ್ರೋಲಿಯಲ್ಲಿ ಚಪ್ಪಲಿಗೆ ಶರಣಾದೆ. ರಾತ್ರಿ ತಂಗಬಹುದಾದ ಪರಿಚಯದ ಮನೆ, ಹೋಟೆಲು ದಾರಿಯಲ್ಲಿ ಎರಡಾದರೂ ಗುರುತಿಸಿಕೊಳ್ಳಿ. ಯುಪಿಐ ನಡೆಯದ ದಿನಕ್ಕೆ 500 ರೂಪಾಯಿ ಚಿಲ್ಲರೆ ಇರಲಿ. ನೆರೆನೀರಿನಲ್ಲಿ ನಡೆದು ಬಂದರೆ ಜ್ವರ ಬರಲಿ ಅಂತ ಕಾಯದೆ, ಮೂರು ದಿನದೊಳಗೆ ಡಾಕ್ಟರನ್ನು ಕಾಣಿ. ಇಲಿಜ್ವರ ತಡೆಯುವ ಮಾತ್ರೆ ಬೇಕಾ ಅಂತ ಅವರೇ ಹೇಳುತ್ತಾರೆ.

ಏಳನೇ ಮಹಡಿಯ ಕುರ್ಚಿ

ಇಷ್ಟೂ ಓಡಾಡಬಲ್ಲವರ ಮಾತಾಯಿತು. ನಮ್ಮ ಮನೆಯಲ್ಲಿ ಅತ್ತೆ ಇದ್ದಾರೆ, ಮೆಟ್ಟಿಲು ಇಳಿಯಲಾರರು. ಬೆಂಕಿ ಬಿದ್ದಾಗ ಲಿಫ್ಟ್ ಹತ್ತುವ ಹಾಗಿಲ್ಲ. ಅವರನ್ನು ಕೆಳಗಿಳಿಸುವುದು ಯಾರು, ಯಾವುದರಲ್ಲಿ? ಎದುರು ಮನೆಯ ಮರಾಠಿ ಕಾಕಾ, ಅವರ ಮಗ, ವಾಚ್‌ಮನ್, ನಾನು, ನಾಲ್ಕು ಜನ ಸೇರಿ ನೋಡಿದೆವು. ಅತ್ತೆಯ ಬದಲು ಕುರ್ಚಿಯಲ್ಲಿ 25 ಕಿಲೋದ ಎರಡು ಅಕ್ಕಿ ಮೂಟೆ ಕಟ್ಟಿ ಕೂರಿಸಿದೆವು. ಅತ್ತೆ ಬಾಗಿಲಲ್ಲಿ ನಿಂತು ‘ಮೆಲ್ಲ, ಮೆಲ್ಲ’ ಅಂತಿದ್ದರು. ಮೆಟ್ಟಿಲ ತಿರುವಿನಲ್ಲಿ ಯಾರದೋ ಹಳೇ ಸೈಕಲ್, ಯಾರದೋ ಚಪ್ಪಲಿ ಗೂಡು, ಎರಡು ಸಲ ಕುರ್ಚಿ ಕೆಳಗಿಟ್ಟೆವು. ನಾಲ್ಕನೇ ಮಹಡಿಗೆ ಬರುವಷ್ಟರಲ್ಲಿ ಪ್ಲಾಸ್ಟಿಕ್ ಕುರ್ಚಿಯ ಒಂದು ಕೈ ಚಟ್ ಅಂತ ಸೀಳಿತು.

ಕಾಕಾ ಮರುದಿನವೇ ತಮ್ಮ ಮನೆಯ ಮರದ ಕುರ್ಚಿ ತಂದು ನಮ್ಮ ಬಾಗಿಲ ಹತ್ತಿರ ಇಟ್ಟು ಹೋದರು. ಸೈಕಲ್ ಮಾತ್ರ ಇನ್ನೂ ಅಲ್ಲೇ ಇದೆ.